ಕತ್ತಿಗೆ ಕೋಟಿ, ಉಳಿಗೆ?

ಕೊರೋನಾ ನಂತರ ಹರಾಜು ಮನೆಗಳು ಚೇತರಿಸಿಕೊಂಡ ಬಗೆಯನ್ನು ಈ ವಾರ ಬರೆಯುತ್ತೇನೆಂದು ಹೇಳಿದ್ದೆ. ಹೇಳಿ ಮುಗಿಸಿಬಿಡುತ್ತೇನೆ. 2020ರ ಜೂನ್‌ನಲ್ಲಿ ಸೋದಬೀಸ್‌ನ ಹರಾಜುಗಾರ ಲಂಡನ್ನಿನಲ್ಲಿ ಜನರಿಲ್ಲದೆ, ಬರೀ ಪರದೆಗಳೆದುರು ನಿಂತು ಕಲಾವಿದ ಬೇಕನ್‌ನ ಚಿತ್ರವೊಂದನ್ನು 8.46 ಕೋಟಿ ಡಾಲರ್‌ಗೆ ಮಾರಿದ. 2000ದಿಂದಲೇ ಆನ್‌ಲೈನ್ ಹರಾಜು ರೂಢಿಸಿಕೊಂಡಿದ್ದ ಮುಂಬೈನ ಸ್ಯಾಫ್ರನ್‌ಆರ್ಟ್ 2021ರ ಮಾರ್ಚ್‌ನಲ್ಲಿ ಕಲಾವಿದ ಗಾಯ್ತೊಂಡೆಯ ಚಿತ್ರಕ್ಕೆ 39.98 ಕೋಟಿ ರೂಪಾಯಿ ಪಡೆಯಿತು. ಕೆ.ಆರ್. ಪೇಟೆಯಲ್ಲಿ ಕೂತವರಿಗೂ ಈಗ ಕ್ಯಾಟಲಾಗ್ ಅಂಗೈಯಲ್ಲೇ ಸಿಗುತ್ತದೆ. ಲಾಭ ಅಷ್ಟೇ.

ಆದರೆ ಚಿತ್ರವನ್ನು ಷೇರಿನಂತೆ ಕೊಳ್ಳುವ ಮಹಾಶಯರು ಆ ಕ್ಯಾಟಲಾಗಿನಲ್ಲಿ ಓದುವುದು ಅಂದಾಜು ಬೆಲೆಯನ್ನು ಮಾತ್ರ. ವಸ್ತು ಯಾರಿಂದ ಯಾರ ಕೈಗೆ ಬಂತು ಎನ್ನುವ ಸಾಲು ಅವರಿಗೆ ಬೇಡ. ನನಗೆ ಬೇಕಾದದ್ದು ಅದೊಂದೇ!

ನಮ್ಮ ಶ್ರೀರಂಗಪಟ್ಟಣದ ಕತ್ತಿಯನ್ನೇ ನೋಡಿ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಟಿಪ್ಪುವಿನ ಶಯನಗೃಹದ ಖಡ್ಗ ಬ್ರಿಟಿಷ್ ಸೇನಾಧಿಕಾರಿ ಡೇವಿಡ್ ಬೇರ್ಡ್‌ಗೆ ಸಂದಿತು. 1780ರಲ್ಲಿ ಸೆರೆ ಸಿಕ್ಕು ಇದೇ ಪಟ್ಟಣದಲ್ಲಿ ವರ್ಷಗಟ್ಟಲೆ ಕೈದಿಯಾಗಿದ್ದ ಆಸಾಮಿ ಅವನು. 2023ರ ಮೇ 23ರಂದು ಲಂಡನ್ನಿನ ಹರಾಜು ಮನೆ ಬಾನಮ್ಸ್‌ನಲ್ಲಿ ಆ ಖಡ್ಗ, ಅಂದಾಜು ಹೆಚ್ಚೆಂದರೆ 20 ಲಕ್ಷ ಪೌಂಡ್ ಇದ್ದದ್ದು, 1.4 ಕೋಟಿ ದಾಟಿತು. ಉಕ್ಕು ಒಳ್ಳೆಯದೇ, ಚಿನ್ನದ ಅಕ್ಷರವೂ ಸೊಗಸೇ. ಆದರೆ ಆ ಬೆಲೆ ಕಮ್ಮಾರನ ಕೈಗಲ್ಲ, ಹಿಡಿದವನ ಹೆಸರಿಗೆ. ಇಂಥ ಕತ್ತಿಯನ್ನು ಬಡಿದವರು ಯಾರೆಂದು ಕೇಳಿದ ಶ್ರೀಮಂತನನ್ನು ನಾನಂತೂ ಕಂಡಿಲ್ಲ.

ನಮ್ಮ ಕೆ.ಆರ್. ಪೇಟೆ ಕಡೆಯ ಗೋವಿಂದನಹಳ್ಳಿಯಲ್ಲಿ ಲೆಕ್ಕ ತಿರುಗಾಮುರುಗಾ. ಸುಮಾರು 1238ರ ಪಂಚಲಿಂಗೇಶ್ವರ ಗುಡಿ. ಸಾಲಾಗಿ ಐದು ಗರ್ಭಗುಡಿ, ಹೊಯ್ಸಳರಲ್ಲೇ ಅಪರೂಪ. ಇಲ್ಲಿ ನಿಲ್ಲುವ ಹೆಸರು ಕೆತ್ತಿದವನದು, ರೂವಾರಿ ಮಲ್ಲಿತಮ್ಮನದು. ಮುಂದೆ ಸೋಮನಾಥಪುರದ ಹತ್ತಾರು ವಿಗ್ರಹಗಳ ಕೆಳಗೆ ಸಹಿ ಕೊರೆದವನೂ ಇವನೇ. ಇಂಥ ಕಲ್ಲು ಹರಾಜಿಗೆ ಬಂದರೆ ಮೊದಲು ಕೇಳಬೇಕಾದದ್ದು, ಯಾವ ಗುಡಿಯಿಂದ ಕಿತ್ತದ್ದು ಎಂದು. 1972ರ ಪ್ರಾಚ್ಯವಸ್ತು ಕಾಯ್ದೆ ನೂರು ವರ್ಷ ದಾಟಿದ ಶಿಲ್ಪವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸಲು ಬಿಡುವುದಿಲ್ಲ. ಇಲ್ಲೇ ವ್ಯಾಪಾರ ಮಾಡಲೂ ಲೈಸೆನ್ಸ್ ಬೇಕು. ಆದರೂ ಪರದೇಶದ ಕ್ಯಾಟಲಾಗುಗಳಲ್ಲಿ ‘ದಕ್ಷಿಣ ಭಾರತ, 13ನೇ ಶತಮಾನ, ಖಾಸಗಿ ಸಂಗ್ರಹ’ ಎಂಬಷ್ಟಕ್ಕೇ ಮುಗಿಸುವ ಚಾಳಿ ಹಳೆಯದು. ಪರದೆ ಎಷ್ಟು ಹಿಗ್ಗಿಸಿದರೂ ಕಿತ್ತ ಗುಡಿಯ ಹೆಸರು ಕಾಣುವುದಿಲ್ಲ.

ಹತ್ತಿರದ ಕಿಕ್ಕೇರಿಯ ಬ್ರಹ್ಮೇಶ್ವರ ಗುಡಿಯನ್ನು ನೋಡಿ ಹಾಗೇ ವಾಪಸಾಗುವವರು ದಯವಿಟ್ಟು ಗೋವಿಂದನಹಳ್ಳಿಗೂ ಬನ್ನಿ. ಬೆಳಗಿನ ಹೊತ್ತು ಬಂದರೆ ಒಳ್ಳೆಯದು.