ಕ್ಷೌರಿಕನಿಗೆ ಬರೆದ ಪ್ರಾರ್ಥನಾಬೋಧೆ: ಹದಿಹರೆಯದವರ ತರಗತಿಯಿಂದ ಒಂದು ವಿಮರ್ಶೆ

1535ರ ಆರಂಭದಲ್ಲಿ ವಿಟ್ಟೆನ್‌ಬರ್ಗ್ ಪಟ್ಟಣದ ಕ್ಷೌರಿಕನಾದ ಪೇಟರ್ ಬೆಸ್ಕೆಂಡಾರ್ಫ್ ಎಂಬವನಿಗಾಗಿ ಮಾರ್ಟಿನ್ ಲೂಥರ್ ಒಂದು ಕಿರುಹೊತ್ತಗೆಯನ್ನು ಬರೆದರು. ಪ್ರಾರ್ಥಿಸುವುದು ಹೇಗೆ ಎಂಬುದು ಆ ಹಳೆಯ ಸ್ನೇಹಿತನ ಪ್ರಶ್ನೆಯಾಗಿತ್ತು. ಪ್ರಾರ್ಥನೆಯ ಸರಳ ವಿಧಾನ ಎಂಬ ಅರ್ಥದ ಹೆಸರಿನಿಂದ ಪ್ರಸಿದ್ಧವಾಗಿರುವ ಈ ಕೃತಿಯನ್ನು ಸೆಮಿನರಿಗಳಲ್ಲಿ ಸಾಮಾನ್ಯವಾಗಿ ಸುಧಾರಣಾಯುಗದ ಭಕ್ತಿಸಾಹಿತ್ಯವೆಂದು ಓದಿ ಬದಿಗಿಡುತ್ತೇವೆ. ಹದಿಮೂರರಿಂದ ಹದಿನೇಳು ವಯಸ್ಸಿನ ಮಕ್ಕಳಿಗೆ ಪ್ರಾರ್ಥನೆಯ ಅಭ್ಯಾಸವನ್ನು ಕಲಿಸುವ ಪಠ್ಯವಾಗಿ ಇದನ್ನು ಪರೀಕ್ಷಿಸಿದರೆ ಏನು ದೊರೆಯುತ್ತದೆ, ಏನು ದೊರೆಯುವುದಿಲ್ಲ ಎಂಬುದು ಈ ಲೇಖನದ ವಿಚಾರ. ಈ ಪರೀಕ್ಷೆಗೆ ನನ್ನನ್ನು ನೂಕಿದ್ದು ಪಾಂಡಿತ್ಯದ ಕುತೂಹಲವಲ್ಲ, ನಾನೇ ಮಾಡಿದ ಒಂದು ತಪ್ಪು.

ಕೆಲವು ವರ್ಷಗಳ ಹಿಂದೆ ದೃಢೀಕರಣದ ತರಗತಿಯಲ್ಲಿ ನಾನು ಇಪ್ಪತ್ತೊಂದು ಚೌಕಗಳಿರುವ ಕಾರ್ಡೊಂದನ್ನು ಹಂಚಿದ್ದೆನು. ದಿನಕ್ಕೆ ಹದಿನೈದು ನಿಮಿಷ ಸ್ವಂತ ಮಾತುಗಳಲ್ಲಿ ಪ್ರಾರ್ಥಿಸಿ ಚೌಕಕ್ಕೆ ಗುರುತು ಹಾಕಬೇಕು. ಇಪ್ಪತ್ತೊಂದು ದಿನ ತಪ್ಪದೆ ಮಾಡಿದರೆ ಅದು ಅಭ್ಯಾಸವಾಗುತ್ತದೆ ಎಂದು ಹೇಳಿದ್ದೆನು. ಕೊನೆಯ ಭಾನುವಾರ ಒಬ್ಬ ಹುಡುಗಿಯ ಕಾರ್ಡ್ ಮಾತ್ರ ಪೂರ್ಣವಾಗಿತ್ತು. ಎಲ್ಲರಿಂದ ಚಪ್ಪಾಳೆ ತಟ್ಟಿಸಿದೆನು. ಆರೇ ಗುರುತುಗಳಿದ್ದ ಹುಡುಗನೊಬ್ಬನಿಗೆ ಇನ್ನೂ ಪ್ರಯತ್ನ ಸಾಲದು ಎಂದೆನು. ಎರಡು ವರ್ಷಗಳಾದ ಮೇಲೆ ಕಾಲೇಜಿಗಾಗಿ ಊರು ಬಿಡುವ ಮುನ್ನ ಆ ಹುಡುಗಿ ಮನೆಗೆ ಬಂದು, ಅಷ್ಟೂ ಚೌಕಗಳನ್ನು ಶನಿವಾರ ರಾತ್ರಿ ಒಂದೇ ಪೆನ್ನಿನಲ್ಲಿ ತುಂಬಿದ್ದಾಗಿ ಹೇಳಿದಳು. ಅನಂತರ ಬಹಳ ಕಾಲ ಕಣ್ಣು ಮುಚ್ಚಿದಾಗಲೆಲ್ಲ ಆ ಚಪ್ಪಾಳೆಯೇ ಕೇಳುತ್ತಿತ್ತಂತೆ, ಪ್ರಾರ್ಥನೆ ಬರುತ್ತಿರಲಿಲ್ಲವಂತೆ. ಆಕೆಗೆ ಪ್ರಾರ್ಥನೆಯನ್ನು ಕಲಿಸಲು ಹೊರಟವನು ದೇವರ ಮುಂದೆ ಸುಳ್ಳಿನ ಲೆಕ್ಕ ಒಪ್ಪಿಸುವುದನ್ನು ಕಲಿಸಿದ್ದೆನು. ಆ ಆರು ಗುರುತುಗಳ ಹುಡುಗ ಆರು ದಿನ ನಿಜವಾಗಿಯೂ ಪ್ರಾರ್ಥಿಸಿದ್ದಿರಬೇಕು ಎಂಬ ಯೋಚನೆ ಆಗ ಹೊಳೆಯಿತು.

ಈ ಇಪ್ಪತ್ತೊಂದು ದಿನಗಳ ಮೂಲವನ್ನು ಹುಡುಕಿದರೆ ನಾಚಿಕೆಯಾಗುತ್ತದೆ. ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಪ್ರಕಟಿಸಿದ ಪುಸ್ತಕವೊಂದರಲ್ಲಿ, ರೋಗಿಗಳು ತಮ್ಮ ಬದಲಾದ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ ಇಪ್ಪತ್ತೊಂದು ದಿನಗಳಾದರೂ ಬೇಕೆಂದು ಗಮನಿಸಿದ್ದರು. ‘ಕನಿಷ್ಠ’ ಎಂಬ ಮಾತು ಕಾಲಕ್ರಮದಲ್ಲಿ ಉದುರಿಹೋಗಿ, ಉಳಿದದ್ದು ನಿಯಮವಾಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳುತ್ತದೆ. ಊಟ, ಪಾನೀಯ, ವ್ಯಾಯಾಮಗಳಂಥ ಸಣ್ಣ ರೂಢಿಗಳು ನೆಲೆಗೊಳ್ಳಲು ಬೇಕಾದ ಕಾಲ 18 ದಿನಗಳಿಂದ 254 ದಿನಗಳವರೆಗೆ ವ್ಯತ್ಯಾಸಗೊಂಡಿತು; ನಡುವಿನ ಸಂಖ್ಯೆ 66. ನಮಗೆ ಮುಖ್ಯವಾದದ್ದು ಇನ್ನೊಂದು ಫಲಿತಾಂಶ: ಒಂದು ದಿನ ತಪ್ಪಿದ್ದರಿಂದ ರೂಢಿ ಮುರಿದುಬೀಳಲಿಲ್ಲ. ಪ್ರಾರ್ಥನೆಯನ್ನು ಲೋಟ ನೀರು ಕುಡಿಯುವುದಕ್ಕೆ ಸಮಮಾಡಲಾಗದು ಎಂಬುದು ನಿಜ. ಆದರೆ ಮನಶ್ಶಾಸ್ತ್ರದ ಹೆಸರು ಹೇಳಿ ಮಕ್ಕಳ ಮೇಲೆ ಹೊರೆ ಹೊರಿಸುವವರು ಕನಿಷ್ಠಪಕ್ಷ ಆ ಶಾಸ್ತ್ರ ಹೇಳುವುದನ್ನಾದರೂ ಕೇಳಬೇಕು.

ಕನ್ನಡದ ‘ಅಭ್ಯಾಸ’ ಎಂಬ ಪದವೇ ಇಲ್ಲಿ ನಮಗೆ ಉಪಕಾರಿ. ಅದಕ್ಕೆ ರೂಢಿ ಎಂಬ ಅರ್ಥವೂ ಉಂಟು, ಕಲಿಕೆ ಎಂಬ ಅರ್ಥವೂ ಉಂಟು. ಸಂಗೀತಾಭ್ಯಾಸ ಎನ್ನುವಾಗ ಎರಡೂ ಕೂಡಿರುತ್ತವೆ. ಸಂಗೀತದ ಗುರು ಹೊಸ ಶಿಷ್ಯನಿಗೆ ಮೊದಲ ದಿನವೇ ರಾಗಾಲಾಪನೆ ಮಾಡೆಂದು ಹೇಳುವುದಿಲ್ಲ. ಸರಳೆ ವರಸೆಯನ್ನು ಕೊಡುತ್ತಾರೆ. ಕೊಟ್ಟ ಸ್ವರಗಳು ಗಂಟಲಿಗೆ ಇಳಿದ ಮೇಲೆಯೇ ಮನೋಧರ್ಮ. ನಮ್ಮ ಯುವಜನರ ಸಭೆಗಳಲ್ಲಿ ಇದರ ತಿರುಗುಮುರುಗು ನಡೆಯುತ್ತದೆ. ಹದಿನಾಲ್ಕರ ಮಗುವಿಗೆ ‘ನಿನ್ನ ಸ್ವಂತ ಮಾತುಗಳಲ್ಲಿ ಪ್ರಾರ್ಥಿಸು’ ಎನ್ನುತ್ತೇವೆ. ಮಾತು ಬಾರದಾಗ ಅದು ಯಾರೋ ದೊಡ್ಡವರ ಧಾಟಿಯನ್ನು ಅನುಕರಿಸುತ್ತದೆ, ಇಲ್ಲವೇ ಮೌನವಾಗಿ ತನ್ನಲ್ಲಿ ಭಕ್ತಿಯಿಲ್ಲವೆಂದು ತೀರ್ಮಾನಿಸುತ್ತದೆ.

ಲೂಥರರ ಪುಸ್ತಿಕೆ ಪ್ರಾರಂಭವಾಗುವುದೇ ಭಕ್ತಿಯಿಲ್ಲದ ಸ್ಥಿತಿಯಿಂದ. ಕೆಲಸಗಳ ಗದ್ದಲದಿಂದಲೋ ಪರಚಿಂತೆಗಳಿಂದಲೋ ತಾನು ತಣ್ಣಗಾಗಿ, ಪ್ರಾರ್ಥನೆಯಲ್ಲಿ ಸಂತೋಷ ಕಳೆದುಕೊಂಡಾಗ ಏನು ಮಾಡುತ್ತೇನೆಂದು ಅವರು ಮೊದಲು ಹೇಳುತ್ತಾರೆ: ಕೀರ್ತನೆಗಳ ಚಿಕ್ಕ ಪುಸ್ತಕವನ್ನು ಹಿಡಿದು ಕೋಣೆಗೆ, ಅಥವಾ ಜನರು ಸೇರುವ ಹೊತ್ತಾದರೆ ದೇವಾಲಯಕ್ಕೆ ಧಾವಿಸುತ್ತಾರೆ. ಅಲ್ಲಿ ದಶಾಜ್ಞೆಗಳು, ವಿಶ್ವಾಸಪ್ರಮಾಣ, ಕ್ರಿಸ್ತನ ಅಥವಾ ಪೌಲನ ಕೆಲವು ಮಾತುಗಳು, ಕೀರ್ತನೆಗಳು, ಹೀಗೆ ಸಮಯವಿದ್ದಷ್ಟನ್ನು ಮಕ್ಕಳು ಹೇಳಿಕೊಳ್ಳುವಂತೆ ತನಗೆ ತಾನೇ ಹೇಳಿಕೊಳ್ಳುತ್ತಾರೆ. ಹೃದಯ ಬೆಚ್ಚಗಾದ ಮೇಲೆ ಮಾತು ಹುಡುಕುವುದಲ್ಲ. ಕೊಟ್ಟ ಮಾತಿನಿಂದ ಹೃದಯವನ್ನು ಬೆಚ್ಚಗಾಗಿಸುವುದು. ಅರವತ್ತು ದಾಟಿದ ಸಭಾಪಾಲಕನಾಗಿ ನನಗೆ ಇದು ಸಮಾಧಾನ ಕೊಡುತ್ತದೆ. ಐವತ್ತೊಂದರ ವಯಸ್ಸಿನ ಲೂಥರರಿಗೂ ಪ್ರಾರ್ಥನೆ ತಾನಾಗಿ ಬರುತ್ತಿರಲಿಲ್ಲ ಎಂಬುದನ್ನು ನಮ್ಮ ಮಕ್ಕಳಿಗೆ ಏಕೆ ಯಾರೂ ಹೇಳುವುದಿಲ್ಲ?

ಬೆಳಗಿನ ಮೊದಲ ಕೆಲಸವೂ ರಾತ್ರಿಯ ಕೊನೆಯ ಕೆಲಸವೂ ಪ್ರಾರ್ಥನೆಯಾಗಿರಲಿ ಎಂಬ ಅವರ ಸಲಹೆ ಹೊಸದಲ್ಲ. ಕರ್ತನ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳಬೇಕೆಂದು ಆದಿಸಭೆಯ ‘ದಿದಖೆ’ಯೇ ವಿಧಿಸುತ್ತದೆ. 1529ರ ಸಣ್ಣ ಕ್ಯಾಟೆಕಿಸಂನಲ್ಲಿ ಲೂಥರ್ ಕೊಟ್ಟ ಕ್ರಮವಂತೂ ನಿಮಿಷಗಳಲ್ಲಿ ಮುಗಿಯುತ್ತದೆ: ಎದ್ದಾಗ ಶಿಲುಬೆಯ ಗುರುತು, ವಿಶ್ವಾಸಪ್ರಮಾಣ, ಕರ್ತನ ಪ್ರಾರ್ಥನೆ, ಬೇಕಾದರೆ ಒಂದು ಕಿರುಪ್ರಾರ್ಥನೆ, ಬಳಿಕ ಸಂತೋಷದಿಂದ ಕೆಲಸಕ್ಕೆ ಹೋಗುವುದು. ರಾತ್ರಿಯೂ ಹಾಗೆಯೇ, ಬಳಿಕ ನಿಶ್ಚಿಂತೆಯಿಂದ ಬೇಗನೆ ಮಲಗುವುದು. ಇಲ್ಲಿ ಹದಿನೈದು ನಿಮಿಷದ ಲೆಕ್ಕವಿಲ್ಲ. ಎದ್ದೇಳುವುದು, ಮಲಗುವುದು ಎಂಬ ಎರಡು ತಪ್ಪಿಸಲಾಗದ ಘಟನೆಗಳಿಗೆ ಪ್ರಾರ್ಥನೆಯನ್ನು ಕಟ್ಟಲಾಗಿದೆ, ಅಷ್ಟೆ.

ಕೊಟ್ಟ ಮಾತುಗಳ ಪ್ರಾರ್ಥನೆ ಅನ್ಯಜನರ ವ್ಯರ್ಥಾಲಾಪವಾಗದೆ, ಎಂದು ಕೇಳುವವರಿದ್ದಾರೆ. ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ ಆ ಎಚ್ಚರಿಕೆಯ ಬೆನ್ನಿಗೇ ಯೇಸು ಸ್ವಾಮಿ ಕೊಟ್ಟದ್ದು ಕೊಟ್ಟ ಮಾತುಗಳ ಪ್ರಾರ್ಥನೆಯನ್ನೇ ಎಂಬುದನ್ನು ಅವರು ಗಮನಿಸಬೇಕು. ಆದರೆ ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ, ಲೂಥರರೇ ಅದನ್ನು ಒಪ್ಪುತ್ತಾರೆ. ವರ್ಷಕ್ಕೆ ಸಾವಿರಾರು ಸಲ ಹೇಳಿಯೂ ಒಂದಕ್ಷರದ ರುಚಿ ಕಾಣದವರಿಂದಾಗಿ ಕರ್ತನ ಪ್ರಾರ್ಥನೆಯೇ ಲೋಕದ ಮಹಾ ಹುತಾತ್ಮನಾಗಿದೆ ಎಂಬುದು ಅವರ ಕಟುವಾದ ವಿನೋದ. ಮನಸ್ಸು ಅಲೆಯುವುದರ ಬಗ್ಗೆ ಮಕ್ಕಳಿಗೆ ಹೇಳಬೇಕಾದ ಮಾತನ್ನು ಮಾತ್ರ ನಾನು ಲೂಥರರಿಗಿಂತ ತೋಮಸ್ ಅಕ್ವಿನಾಸರಲ್ಲಿ ಚೆನ್ನಾಗಿ ಕಂಡಿದ್ದೇನೆ. ಪ್ರಾರ್ಥನೆಯಲ್ಲಿ ಗಮನ ಮೂರು ಬಗೆ ಎನ್ನುತ್ತಾರೆ ಅವರು: ಪದಗಳು ತಪ್ಪದಂತೆ ಗಮನ, ಪದಗಳ ಅರ್ಥದ ಮೇಲೆ ಗಮನ, ದೇವರ ಮೇಲೆಯೂ ಬೇಡುವ ವಿಷಯದ ಮೇಲೆಯೂ ಗಮನ. ಮೂರನೆಯದೇ ಅತ್ಯವಶ್ಯ, ಮತ್ತು ಅದು ಓದುಬರಹವಿಲ್ಲದವರಿಗೂ ಸಾಧ್ಯ. ತಿಳಿಯದೆ ಮನಸ್ಸು ಅಲೆದರೂ ಪ್ರಾರಂಭದ ಉದ್ದೇಶದ ಬಲ ಪ್ರಾರ್ಥನೆಯ ಉದ್ದಕ್ಕೂ ಉಳಿಯುತ್ತದೆ. ನಮ್ಮ ತರಗತಿಗಳಲ್ಲಿ ಈ ಒಂದು ಮಾತು ಹೇಳಿದ್ದರೆ ಎಷ್ಟೋ ಮಕ್ಕಳು ತಮ್ಮನ್ನು ತಾವೇ ತಳ್ಳಿಹಾಕಿಕೊಳ್ಳುತ್ತಿರಲಿಲ್ಲ. ಕ್ಷೌರಿಕನ ಕತ್ತಿಯ ಉಪಮೆಯನ್ನು ಲೂಥರ್ ಬಳಸುವ ರೀತಿ ಇದಕ್ಕೆ ಹೋಲಿಸಿದರೆ ಕಠಿಣ: ಒಳ್ಳೆಯ ಕ್ಷೌರಿಕ ಕಣ್ಣು, ಮನಸ್ಸುಗಳನ್ನು ಕತ್ತಿಯ ಮೇಲಿಡದೆ ಹರಟಿದರೆ ಗಿರಾಕಿಯ ಮೂಗನ್ನೋ ಗಂಟಲನ್ನೋ ಕೊಯ್ದಾನು, ಪ್ರಾರ್ಥನೆಗೆ ಅದಕ್ಕಿಂತಲೂ ಏಕಾಗ್ರತೆ ಬೇಕು ಎಂದು. ಪೇಟರನಿಗೆ ಅದು ಸಾಜ. ಪ್ರತಿ ನಿಮಿಷವೂ ಮೊಬೈಲ್ ಕರೆಯುವ ಹುಡುಗನಿಗೆ ಮೊದಲ ದಿನವೇ ಹೇಳಬೇಕಾದ ಉಪಮೆ ಅದಲ್ಲ.

ಕೃತಿಯ ಹೃದಯವಿರುವುದು ನಾಲ್ಕು ಎಳೆಗಳ ಹಾರದಲ್ಲಿ. ಪ್ರತಿಯೊಂದು ಆಜ್ಞೆಯನ್ನೂ ಬೋಧನೆ, ಕೃತಜ್ಞತೆ, ಪಾಪನಿವೇದನೆ, ಬೇಡಿಕೆ ಎಂದು ನಾಲ್ಕಾಗಿ ಹೆಣೆಯುವುದು ಅದರ ಕ್ರಮ. ತಂದೆತಾಯಿಗಳ ಕುರಿತಾದ ಆಜ್ಞೆಯನ್ನು ತೆಗೆದುಕೊಳ್ಳೋಣ. ತಂದೆ ಕುಡಿದು ಮನೆಗೆ ಬರುವ ಹುಡುಗನೊಬ್ಬ ಅದನ್ನು ಹಿಡಿದು ಕುಳಿತಿದ್ದಾನೆಂದು ಭಾವಿಸೋಣ. ದೇವರು ಇಲ್ಲಿ ನನಗೆ ಏನು ಕಲಿಸುತ್ತಾನೆ? ಈ ಮನೆಯಲ್ಲಿ ಯಾವುದಕ್ಕಾದರೂ ಸ್ತೋತ್ರ ಹೇಳಲಾದೀತೆ, ಬಹುಶಃ ಬೆಳಿಗ್ಗೆ ಐದಕ್ಕೆ ಎದ್ದು ಬುತ್ತಿ ಕಟ್ಟುವ ಅಮ್ಮನಿಗಾಗಿ? ಅಪ್ಪನನ್ನು ಕಂಡು ಮನಸ್ಸಿನಲ್ಲಿ ಏಳುವ ದ್ವೇಷವನ್ನು ನಾನು ದೇವರಿಗೆ ಹೇಳಬಲ್ಲೆನೆ? ಮತ್ತು ಏನನ್ನು ಬೇಡಲಿ? ಸ್ವಂತ ಮಾತುಗಳನ್ನು ಮಾತ್ರ ಕಲಿತ ಹುಡುಗ ‘ಅಪ್ಪ ಕುಡಿಯುವುದನ್ನು ಬಿಡಲಿ’ ಎಂಬ ನಾಲ್ಕನೆಯ ಎಳೆಗೇ ನೇರವಾಗಿ ಬರುತ್ತಾನೆ. ತಿಂಗಳುಗಟ್ಟಲೆ ಅದು ನೆರವೇರದಾಗ ಪ್ರಾರ್ಥನೆಯನ್ನೇ ಬಿಡುತ್ತಾನೆ. ಉಳಿದ ಮೂರು ಎಳೆಗಳು ಅವನನ್ನು ದೇವರ ಸನ್ನಿಧಿಯಲ್ಲಿ ಇನ್ನಷ್ಟು ಹೊತ್ತು ಕೂರಿಸುತ್ತವೆ. ಆದರೆ ಎಚ್ಚರಿಕೆಯೂ ಬೇಕು. ಹೊಡೆತ ತಿನ್ನುವ ಮಗುವಿಗೆ ಈ ಆಜ್ಞೆಯನ್ನು ಪಾಪನಿವೇದನೆಗಾಗಿ ಕೊಡುವ ಬೋಧಕನು ಕ್ರೂರನಾಗುತ್ತಾನೆ. ಆ ಮಗುವಿಗೆ ಮೊದಲು ಬೇಕಾದದ್ದು ರಕ್ಷಣೆ, ಬಳಿಕ ಕೀರ್ತನೆಗಳಲ್ಲಿ ಧಾರಾಳವಾಗಿರುವ ಮೊರೆ. ಲೂಥರರ ಹಾರದಲ್ಲಿ ಮೊರೆಗೆ ಪ್ರತ್ಯೇಕ ಎಳೆಯಿಲ್ಲ. ಇದನ್ನು ನಾನು ಕೃತಿಯ ನಿಜವಾದ ಕೊರತೆಯೆಂದು ಎಣಿಸುತ್ತೇನೆ.

ಹತ್ತು ಆಜ್ಞೆಗಳಿಗೆ ನಾಲ್ಕು ಎಳೆಗಳಂತೆ ನಲವತ್ತು ಚಿಂತನೆಗಳಾಗುತ್ತವೆ. ಇದು ಕಾರ್ಡಿಗಿಂತ ದೊಡ್ಡ ಹೊರೆಯಲ್ಲವೆ? ಆಗುತ್ತಿತ್ತು, ಲೂಥರರೇ ಬಾಗಿಲೊಂದನ್ನು ತೆರೆದಿಡದಿದ್ದರೆ. ಎಲ್ಲವನ್ನೂ ಹೇಳಿ ಮುಗಿಸಬೇಕಾಗಿಲ್ಲ. ಒಂದು ಬಿನ್ನಹದ ನಡುವೆ ಒಳ್ಳೆಯ ಆಲೋಚನೆ ಹುಟ್ಟಿದರೆ ಉಳಿದದ್ದನ್ನು ಬಿಟ್ಟು ಮೌನವಾಗಿ ಕೇಳಬೇಕು, ಏಕೆಂದರೆ ಅಲ್ಲಿ ಬೋಧಿಸುತ್ತಿರುವವನು ಪವಿತ್ರಾತ್ಮನು ಎನ್ನುತ್ತಾರೆ. ನಿಯಮದೊಳಗೇ ನಿಯಮ ಮುರಿಯುವ ಅನುಮತಿಯಿದೆ. ಚೌಕಗಳ ಕಾರ್ಡಿಗೆ ಇದು ಸಾಧ್ಯವೇ ಇಲ್ಲ. ಅರ್ಧಕ್ಕೆ ನಿಂತದ್ದು ಅಲ್ಲಿ ಸೋಲು.

ಇನ್ನೂ ಎರಡು ಮಾತು ಕೃತಿಯ ವಿರುದ್ಧ. ಮೊದಲನೆಯದು, ಅದು ಬಾಯಿಪಾಠವಿರುವ ಓದುಗನನ್ನು ನಂಬಿ ಬರೆದದ್ದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಪರಂಪರೆಯಲ್ಲಿ ಬೆಳೆದ ನಮ್ಮ ಹಿರಿಯರಿಗೆ ಆ ಬಂಡವಾಳವಿತ್ತು. ಇಂದಿನ ಮಕ್ಕಳಿಗೆ ಕೀರ್ತನೆಯೊಂದನ್ನು ನೋಡದೆ ಹೇಳುವುದು ಕಷ್ಟ, ಇಂಗ್ಲಿಷ್ ಮಾಧ್ಯಮದವರಿಗೆ ಕನ್ನಡದಲ್ಲಂತೂ ಇನ್ನೂ ಕಷ್ಟ. ಎರಡನೆಯದು, ಕೋಣೆ. ಎರಡೇ ಕೋಣೆಗಳ ಮನೆಯಲ್ಲಿ ಐದು ಜನ ಇರುವಾಗ, ಅಥವಾ ಹಾಸ್ಟೆಲಿನಲ್ಲಿ ಆರು ಮಂಚಗಳ ನಡುವೆ ಇರುವಾಗ ಬಾಗಿಲು ಮುಚ್ಚುವುದು ಎಲ್ಲಿ? ಮತ್ತಾಯ 6:6ರಲ್ಲಿರುವ ‘ತಮಿಯೊನ್’ ಎಂಬ ಗ್ರೀಕ್ ಪದ, ಲೂಕ 12:24ರಲ್ಲಿ ಕಾಗೆಗಳಿಗೆ ಇಲ್ಲವೆಂದು ಹೇಳುವ ಉಗ್ರಾಣಕ್ಕೂ ಬಳಕೆಯಾಗಿದೆ. ಧ್ಯಾನಮಂದಿರವಲ್ಲ, ಅಕ್ಕಿಬೇಳೆ ಇಡುವ ಕೋಣೆ. ಅಂಥ ಜಾಗ ಬಸ್ಸಿನ ಕಿಟಕಿಯ ಸೀಟೂ ಆಗಬಹುದು, ಹಿತ್ತಲ ಕಲ್ಲೂ ಆಗಬಹುದು. ಒಬ್ಬಂಟಿಯಾಗಿ ಮೊಣಕಾಲೂರಿದ್ದೇನೆಂದು ಭಾವಿಸಬೇಡ, ಇಡೀ ಕ್ರೈಸ್ತಸಮೂಹವೇ ನಿನ್ನ ಪಕ್ಕದಲ್ಲಿ ನಿಂತಿದೆ ಎಂದು ಲೂಥರ್ ಪೇಟರನಿಗೆ ನೆನಪಿಸುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಆದರೆ ಹದಿಹರೆಯದವರಿಗೆ ಆ ಸಮೂಹದ ಒಂದೆರಡು ಮುಖಗಳಾದರೂ ಮನೆಯಲ್ಲಿ, ಸಭೆಯಲ್ಲಿ ಕಾಣಬೇಕು. ತಂದೆತಾಯಿಗಳು ಪ್ರಾರ್ಥಿಸುವುದನ್ನು ಎಂದೂ ಕಾಣದ ಮಗುವಿಗೆ ನಾವು ಕೊಡುವ ಯಾವ ವಿಧಾನವೂ ಪರಭಾಷೆಯೇ.

ಪೇಟರನ ಮುಂದಿನ ಕಥೆಯನ್ನು ಈ ಕೃತಿಯನ್ನು ಹೊಗಳುವವರು ಹೆಚ್ಚಾಗಿ ಹೇಳುವುದಿಲ್ಲ. ಅದೇ 1535ರ ಈಸ್ಟರ್ ಸಮಯದಲ್ಲಿ ಅವನು ಊಟದ ಮೇಜಿನ ಬಳಿ ತನ್ನ ಅಳಿಯನನ್ನು ಚೂರಿಯಿಂದ ಇರಿದು ಕೊಂದನು. ಲೂಥರ್ ಮತ್ತು ಇತರರು ಅವನ ಪರವಾಗಿ ಬೇಡಿಕೊಂಡದ್ದರಿಂದ ಮರಣದಂಡನೆ ತಪ್ಪಿತು. ಆಸ್ತಿ ಕಳೆದುಕೊಂಡು ದೆಸ್ಸಾವಿಗೆ ಗಡೀಪಾರಾದನು. ಪ್ರಾರ್ಥನಾಭ್ಯಾಸದ ಅತ್ಯುತ್ತಮ ಕೈಪಿಡಿಯನ್ನು ಬರೆಸಿಕೊಂಡವನ ಗತಿ ಇದು. ಅಭ್ಯಾಸವು ಒಳ್ಳೆಯ ನಡತೆಯನ್ನು ಖಾತರಿಪಡಿಸುತ್ತದೆ ಎಂದು ತಂದೆತಾಯಿಗಳಿಗೆ ಮಾತು ಕೊಡುವ ಯುವಜನ ನಾಯಕರು ಪೇಟರನನ್ನು ನೆನೆಯಬೇಕು. ಹಾಗೆಂದು ಪುಸ್ತಿಕೆ ವ್ಯರ್ಥವಾಯಿತೆನ್ನಲಾರೆ. ದೆಸ್ಸಾವಿನಲ್ಲಿ ಎಲ್ಲವನ್ನೂ ಕಳೆದುಕೊಂಡು ಕುಳಿತವನಿಗೆ ಹೊಸ ಮಾತುಗಳು ಹೊಳೆದಿರಲಾರವು. ತಪ್ಪುಗಳನ್ನು ಕ್ಷಮಿಸೆಂಬ ಹಳೆಯ ಬಿನ್ನಹವಾದರೂ ಬಾಯಿಗೆ ಬಂದಿತ್ತೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಕಳೆದ ವರ್ಷದ ತರಗತಿಯಲ್ಲಿ ಕಾರ್ಡ್ ಹಂಚಲಿಲ್ಲ. ವಾರಕ್ಕೆ ಕರ್ತನ ಪ್ರಾರ್ಥನೆಯ ಒಂದೇ ಬಿನ್ನಹ. ಎದ್ದಾಗ ಒಮ್ಮೆ, ಮಲಗುವಾಗ ಒಮ್ಮೆ ಇಡೀ ಪ್ರಾರ್ಥನೆಯನ್ನು ಹೇಳಿ, ಆ ವಾರದ ಬಿನ್ನಹದಲ್ಲಿ ನಿಲ್ಲುವುದು. ಭಾನುವಾರ ಯಾರ ಲೆಕ್ಕವನ್ನೂ ಕೇಳುತ್ತಿರಲಿಲ್ಲ. ನನಗೆ ಆ ವಾರ ಯಾವ ದಿನ ತಪ್ಪಿತೆಂದು ನಾನೇ ಹೇಳುತ್ತಿದ್ದೆ. ಅನುದಿನದ ಆಹಾರದ ಬಿನ್ನಹದ ವಾರ ಒಬ್ಬ ಹುಡುಗ ತರಗತಿ ಮುಗಿದ ಮೇಲೆ ಹಿಂದೆ ಉಳಿದು ಕೇಳಿದನು: “ಅಯ್ಯನವರೇ, ನಾನು ಅಲ್ಲೇ ನಿಂತುಬಿಡ್ತೇನೆ, ಮುಂದಿನದು ಹೇಳಲು ಆಗುವುದಿಲ್ಲ. ಅಪ್ಪನಿಗೆ ಕೆಲಸ ಹೋಗಿದೆ. ಅರ್ಧಕ್ಕೇ ಆಮೆನ್ ಅಂದರೆ ತಪ್ಪಾ?” ತಪ್ಪಲ್ಲ ಎಂದೆನು. ಅಂದು ಸಂಜೆ ಅವನ ಮನೆಗೆ ಹೋದೆನು.