ಚಿತ್ರಕಥಾಭಿಮಾನಿಯೂ ಸಹೃದಯನೂ

ಕಾವ್ಯವನ್ನು ಓದುವವನಿಗೆ ನಮ್ಮ ಮೀಮಾಂಸಕರು ಸಹೃದಯನೆಂಬ ಗೌರವದ ಹೆಸರನ್ನಿತ್ತರು; ಸಂಗೀತವನ್ನು ಕೇಳುವವನು ರಸಿಕನೆನಿಸಿಕೊಂಡನು. ಚಿತ್ರಕಥಾಪುಸ್ತಕಗಳನ್ನು ಸಂಚಿಕೆ ತಪ್ಪದೆ ಓದಿ, ಕೂಡಿಟ್ಟು, ಅವುಗಳ ಗುಣದೋಷಗಳನ್ನು ಕುರಿತು ಹಗಲಿರುಳು ವಾದಿಸುವವನಿಗಾದರೋ ‘ಅಭಿಮಾನಿ’ ಎಂಬುದಕ್ಕಿಂತ ಹೆಚ್ಚಿನ ಹೆಸರು ದೊರೆತಿಲ್ಲ. ಅಭಿಮಾನವೆಂಬ ಮಾತಿನಲ್ಲಿ ಪ್ರೀತಿಯೂ ಇದೆ, ಮಮಕಾರದ ಕುರುಡೂ ಇದೆ. ಈ ಓದು ಓದುಗನ ಬಾಳನ್ನು ತಿದ್ದುತ್ತದೆಯೋ ಕೆಡಿಸುತ್ತದೆಯೋ ಎಂಬ ಪ್ರಶ್ನೆ 1954ರಲ್ಲಿ ಅಮೆರಿಕದ ಶಾಸನಸಭೆಯ ಮುಂದೆಯೇ ವಿಚಾರಣೆಗೆ ಬಂದಿತು. ಆ ವರ್ಷದ ಎರಡು ಬರಹಗಳನ್ನೂ, ಹತ್ತೊಂಬತ್ತು ವರ್ಷಗಳ ಅನಂತರ ಹೊರಬಂದ ಒಂದು ಪುಸ್ತಕವನ್ನೂ ಮುಂದಿಟ್ಟುಕೊಂಡು ಅಭಿಮಾನಿಯ ಸ್ವರೂಪವನ್ನು ಪರಿಶೀಲಿಸಲು ಇಲ್ಲಿ ಯತ್ನಿಸಿದ್ದೇವೆ.

ಮೊದಲನೆಯದು ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಅವರ ‘ಸೆಡಕ್ಷನ್ ಆಫ್ ದಿ ಇನೊಸೆಂಟ್’. ಎಳೆಯರ ಅಪರಾಧಪ್ರವೃತ್ತಿಗೆ ಚಿತ್ರಕಥೆಗಳೂ ಒಂದು ಮುಖ್ಯ ಕಾರಣವೆಂಬುದು ಅದರ ವಾದ. ಈ ಹೆಸರು ಕೇಳಿದೊಡನೆ ಅಭಿಮಾನಿಗಳು ಇಂದಿಗೂ ಮುಖ ಸಿಂಡರಿಸುತ್ತಾರೆ. ಆದರೆ ವರ್ಥಮ್ ಅವರನ್ನು ಬರಿಯ ಕಟುಕನಂತೆ ಚಿತ್ರಿಸುವುದು ನ್ಯಾಯವಲ್ಲ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಬಡ ನೀಗ್ರೋ ಜನರಿಗಾಗಿ 1946ರಲ್ಲಿ ಲಫಾರ್ಗ್ ಚಿಕಿತ್ಸಾಲಯವನ್ನು ತೆರೆದವರಲ್ಲಿ ಅವರು ಪ್ರಮುಖರು. ವರ್ಣಭೇದದ ಶಾಲೆಗಳು ಮಕ್ಕಳ ಮನಸ್ಸಿಗೆ ಮಾಡುವ ಹಾನಿಯನ್ನು ಕುರಿತು ಡೆಲವೇರ್ ರಾಜ್ಯದ ಮೊಕದ್ದಮೆಯಲ್ಲಿ ಅವರು ಸಾಕ್ಷ್ಯ ನುಡಿದರು. ಕಾಡಿನ ಕಥೆಗಳಲ್ಲಿ ಕಪ್ಪುಬಣ್ಣದವರನ್ನು ಮನುಷ್ಯರಿಗಿಂತ ಕೀಳಾಗಿ ಬರೆದಿರುವುದನ್ನು ಎತ್ತಿ ತೋರಿಸಿದ್ದು ಅವರ ಪುಸ್ತಕದ ಗಟ್ಟಿಯಾದ ಅಂಶಗಳಲ್ಲೊಂದು. ದೋಷವಿರುವುದು ಬೇರೆಡೆ. ಅವರ ಖಾಸಗಿ ಕಾಗದಪತ್ರಗಳು 2010ರಲ್ಲಿ ವಿದ್ವಾಂಸರಿಗೆ ಮುಕ್ತವಾದ ಮೇಲೆ, ಇಲಿನಾಯ್ ವಿಶ್ವವಿದ್ಯಾನಿಲಯದ ಕ್ಯಾರಲ್ ಟಿಲಿ ಅವರು ಅವನ್ನು ಪುಸ್ತಕದೊಡನೆ ಹೋಲಿಸಿ ನೋಡಿದರು. ಮಕ್ಕಳ ವಯಸ್ಸನ್ನು ಬದಲಿಸಿದುದು, ಒಬ್ಬನ ಮಾತನ್ನು ಹಲವರಿಗೆ ಹಂಚಿದುದು, ವಾದಕ್ಕೆ ಒಗ್ಗದ ಸಂಗತಿಗಳನ್ನು ಕೈಬಿಟ್ಟುದು ಕಂಡುಬಂದಿತು. 2012ರಲ್ಲಿ ಅದು ಪ್ರಕಟವೂ ಆಯಿತು. ಮಕ್ಕಳ ಪರವಾಗಿ ನಿಂತವರು ಮಕ್ಕಳ ಮಾತನ್ನೇ ತಿದ್ದಿದರೆಂಬುದು ವಿಷಾದದ ವಿಷಯ.

ಎರಡನೆಯದು ವಿಮರ್ಶಕ ರಾಬರ್ಟ್ ವಾರ್ಷೊ ಅವರು ‘ಕಾಮೆಂಟರಿ’ ಪತ್ರಿಕೆಯ 1954ರ ಜೂನ್ ಸಂಚಿಕೆಯಲ್ಲಿ ಬರೆದ ಪ್ರಬಂಧ. ಅವರ ಹನ್ನೊಂದು ವರ್ಷದ ಮಗ ಘೋರಕಥೆಗಳಿಗೆ ಹೆಸರಾದ ಇ. ಸಿ. ಪ್ರಕಾಶನದ ಅಭಿಮಾನಿ ಸಂಘದ ಸದಸ್ಯ. ಇಪ್ಪತ್ತೈದು ಸೆಂಟ್ ಕಳುಹಿಸಿದವನಿಗೆ ಸದಸ್ಯತ್ವದ ಚೀಟಿ, ಪ್ರಮಾಣಪತ್ರ, ಬಿಲ್ಲೆ, ಅಂಗಿಗೆ ಹೊಲಿದುಕೊಳ್ಳುವ ಲಾಂಛನ, ಇಷ್ಟು ಬರುತ್ತಿದ್ದವು. ಸಂಘವೆಂಬುದು ವ್ಯಾಪಾರದ ತಂತ್ರವೆಂದು ತಂದೆಗೆ ಗೊತ್ತು. ಕಥೆಗಳನ್ನು ತಾವೂ ಓದಿದರು, ಅಸಹ್ಯವೆನಿಸಿತು. ಆದರೂ ಮಗ ಕೆಟ್ಟಿದ್ದಾನೆಂದು ಹೇಳಲು ಅವರಿಗೆ ಆಧಾರ ದೊರೆಯಲಿಲ್ಲ. ಸರ್ಕಾರವೇ ಈ ಪುಸ್ತಕಗಳು ಸಿಕ್ಕದಂತೆ ಮಾಡಿದರೆ ಸಂತೋಷ, ಆದರೆ ಅದರಲ್ಲಿ ತನ್ನ ಕೈವಾಡವಿದೆಯೆಂದು ಮಗನಿಗೆ ತಿಳಿಯಬಾರದು ಎಂಬ ಧಾಟಿಯಲ್ಲಿ ಪ್ರಬಂಧ ಮುಗಿಯುತ್ತದೆ. ಇಂಥ ಪ್ರಾಮಾಣಿಕವಾದ ಇಕ್ಕಟ್ಟು ವಿಮರ್ಶೆಯಲ್ಲಿ ಅಪರೂಪ. ಮಾರನೆಯ ವರ್ಷವೇ, ಮೂವತ್ತೇಳರ ವಯಸ್ಸಿನಲ್ಲಿ, ವಾರ್ಷೊ ತೀರಿಕೊಂಡರು.

ಸೆನೆಟ್ಟಿನ ಉಪಸಮಿತಿ 1954ರ ಏಪ್ರಿಲ್‌ನಲ್ಲಿ ವಿಚಾರಣೆ ನಡೆಸಿತು. ಅದೇ ಶರತ್ಕಾಲದಲ್ಲಿ ಪ್ರಕಾಶಕರು ತಾವೇ ಒಂದು ನಿಯಮಾವಳಿಯನ್ನು ಹೊಸೆದುಕೊಂಡರು, ಇ. ಸಿ. ಪ್ರಕಾಶನದ ಘೋರಕಥೆಗಳು ನಿಂತುಹೋದವು. ಆ ನಿಯಮಾವಳಿಯ ಮುದ್ರೆ ಕೊನೆಗೂ ಮರೆಯಾದುದು 2011ರಲ್ಲಿ.

ಮೇಲಿನ ಎರಡು ಬರಹಗಳೂ ಅಭಿಮಾನಿಯನ್ನು ಹೊರಗಿನಿಂದ ನೋಡಿದವು. ಒಬ್ಬರಿಗೆ ಅವನು ರೋಗಿ, ಇನ್ನೊಬ್ಬರಿಗೆ ಮಗ. ಅವನು ಓದುಗನೂ ಆಗಿರಬಹುದೆಂಬ ಸಂಶಯ ಇಬ್ಬರಿಗೂ ಸಾಕಷ್ಟು ಬರಲಿಲ್ಲ. ಆದುದರಿಂದ ಸಾಕ್ಷಿಯನ್ನು ಬೇರೆ ಕಡೆ ಅರಸಬೇಕು. ಪಿಟ್ಸ್‌ಬರ್ಗ್‌ನ ಬಾಲಕ ಜಿಮ್ ಷೂಟರ್‌ನ ವೃತ್ತಾಂತವನ್ನು ನೋಡೋಣ. ಅವನು ಹುಟ್ಟಿದುದು 1951ರಲ್ಲಿ. ತಂದೆ ಉಕ್ಕಿನ ಕಾರ್ಖಾನೆಯ ಕೆಲಸಗಾರ. ಹನ್ನೆರಡರ ವಯಸ್ಸಿನಲ್ಲಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅಲ್ಲಿ ಬಿದ್ದಿದ್ದ ಚಿತ್ರಕಥೆಗಳನ್ನು ಓದಿದನು. ಒಂದು ಪ್ರಕಾಶನದ ಕಥೆಗಳು ಹಿಡಿಸಿದವು, ಇನ್ನೊಂದರವು ಸಪ್ಪೆಯಾಗಿ ತೋರಿದವು. ಏಕೆ ಹೀಗೆ ಎಂದು ಅವನು ಸುಮಾರು ಒಂದು ವರ್ಷ ಎರಡನ್ನೂ ಹೋಲಿಸಿ ಅಭ್ಯಾಸ ಮಾಡಿದನು. ಮನೆಯಲ್ಲಿ ಹಣದ ಅಡಚಣೆ. ಸಪ್ಪೆಯಾದವಕ್ಕೆ ತಾನೇ ಉತ್ತಮವಾದ ಕಥೆಯನ್ನು ಬರೆದುಕೊಡಬಹುದೆಂದು ನಿಶ್ಚಯಿಸಿ, ಹದಿಮೂರನೆಯ ವಯಸ್ಸಿನಲ್ಲಿ, ಚಿತ್ರದ ವಿನ್ಯಾಸಸಹಿತ ಅಂಚೆಯಲ್ಲಿ ಕಳುಹಿಸಿದನು. ಡಿ. ಸಿ. ಪ್ರಕಾಶನ ಅದನ್ನು ಕೊಂಡುಕೊಂಡಿತು. 1966ರಲ್ಲಿ ಅವನ ಕಥೆ ‘ಅಡ್ವೆಂಚರ್ ಕಾಮಿಕ್ಸ್’ನಲ್ಲಿ ಅಚ್ಚಾಯಿತು. 1978ರಿಂದ 1987ರವರೆಗೆ ಅವನೇ ಮಾರ್ವೆಲ್ ಪ್ರಕಾಶನದ ಪ್ರಧಾನ ಸಂಪಾದಕನಾಗಿದ್ದನು.

ಯಶಸ್ಸಿನ ಕಥೆಯೆಂದು ಇದನ್ನು ಇಲ್ಲಿ ಉದಾಹರಿಸಲಿಲ್ಲ. ನಮ್ಮ ಗಮನವಿರುವುದು ಆ ಒಂದು ವರ್ಷದ ಮೇಲೆ. ಕಾವ್ಯಗಳ ಅನುಶೀಲನೆಯಿಂದ ಯಾರ ಮನಸ್ಸು ಕನ್ನಡಿಯಂತೆ ತಿಳಿಯಾಗಿದೆಯೋ ಅವನು ಸಹೃದಯ ಎಂಬುದು ಅಭಿನವಗುಪ್ತನ ಅಭಿಪ್ರಾಯ. ಇದರಲ್ಲಿ ಅಭ್ಯಾಸಕ್ಕೆ ದೊರೆತಿರುವ ಸ್ಥಾನವನ್ನು ನಾವು ಪಾಠ ಹೇಳುವಾಗ ಮರೆಯುತ್ತೇವೆ. ಸಹೃದಯತ್ವವೆಂದರೆ ಹುಟ್ಟಿನಿಂದ ಬಂದ ಮೃದುತ್ವವೆಂದು ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ. ಆಸ್ಪತ್ರೆಯ ಹಾಸಿಗೆಯ ಮೇಲಿನ ಹುಡುಗ ಮಾಡಿದುದು ಅನುಶೀಲನವಲ್ಲದೆ ಮತ್ತೇನು? ಓದಿದ ವಸ್ತು ಅಗ್ಗವಾದುದಿರಬಹುದು. ಓದಿನ ಕ್ರಮ ಅಗ್ಗವಾದುದಲ್ಲ.

ಅವನೊಬ್ಬನೇ ಅಲ್ಲ. ಸೂಪರ್‌ಮನ್ನನ್ನು ಕಲ್ಪಿಸಿದ ಇಬ್ಬರಲ್ಲಿ ಒಬ್ಬನಾದ ಜೆರಿ ಸೀಗಲ್, 1938ರಲ್ಲಿ ಆ ಕಥೆ ಅಚ್ಚಾಗುವ ಐದು ವರ್ಷ ಮೊದಲೇ, ಕ್ಲೀವ್‌ಲೆಂಡಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ತನ್ನದೇ ಅಭಿಮಾನಿಪತ್ರಿಕೆಯನ್ನು ಹೊರಡಿಸಿದ್ದನು. ಸಂಪಾದಕ ಜೂಲಿಯಸ್ ಷ್ವಾರ್ಟ್ಸ್ ಕೂಡ ಯೌವನದಲ್ಲಿ ಇಂಥದೇ ಪತ್ರಿಕೆ ನಡೆಸಿದವನು. ಆದುದರಿಂದಲೇ ಏನೋ, ತನ್ನ ಪುಸ್ತಕಗಳಲ್ಲಿ ಓದುಗರ ಪತ್ರಗಳನ್ನು ಪೂರ್ಣ ವಿಳಾಸದೊಡನೆ ಅಚ್ಚುಹಾಕತೊಡಗಿದನು. ಇದು ಸಣ್ಣ ಸಂಗತಿಯೆನಿಸಬಹುದು. ಆದರೆ ತನ್ನ ಊರಿನಲ್ಲಿ ಈ ಹುಚ್ಚು ತನಗೊಬ್ಬನಿಗೇ ಎಂದು ನಾಚಿಕೊಂಡಿದ್ದವನಿಗೆ, ನೂರಾರು ಮೈಲಿ ದೂರದಲ್ಲಿ ಇನ್ನೊಬ್ಬನಿದ್ದಾನೆಂದು ತಿಳಿದುದು ಆ ವಿಳಾಸಗಳಿಂದ. ಡೆಟ್ರಾಯಿಟ್‌ನ ಅಧ್ಯಾಪಕ ಜೆರಿ ಬೇಲ್ಸ್ 1961ರಲ್ಲಿ ‘ಆಲ್ಟರ್ ಈಗೋ’ ಎಂಬ ಪತ್ರಿಕೆಯನ್ನು ಆರಂಭಿಸಿದರು. ಅದರಲ್ಲಿ ಬರೆಯುತ್ತಿದ್ದ ಮಿಸೂರಿಯ ಇಂಗ್ಲಿಷ್ ಉಪಾಧ್ಯಾಯ ರಾಯ್ ಥಾಮಸ್ 1965ರಲ್ಲಿ ಶಾಲೆಯನ್ನು ಬಿಟ್ಟು ಮಾರ್ವೆಲ್ ಪ್ರಕಾಶನದ ಲೇಖಕರಾದರು. ಉಪಾಧ್ಯಾಯರಾದ ನಮಗೆ ಈ ಕೊನೆಯ ಸಂಗತಿ ಸ್ವಲ್ಪ ಕಚಗುಳಿಯಿಡದೆ ಇರದು.

ಇಷ್ಟು ಹೇಳಿದ ಮೇಲೆ ಪೂರ್ವಪಕ್ಷವನ್ನೂ ಎದುರಿಸಬೇಕು. ರಸಾಸ್ವಾದಕ್ಕೆ ಸಾಧಾರಣೀಕರಣ ಅಗತ್ಯ; ‘ಇದು ನನ್ನದು’ ಎಂಬ ಭಾವ ರಸವಿಘ್ನಗಳಲ್ಲೊಂದು. ಅಭಿಮಾನಿಯ ಮೂಲಬಂಡವಾಳವೇ ಆ ಭಾವವಲ್ಲವೆ? ತಾಳಮದ್ದಳೆಗೆ ಬಂದು ಕುಳಿತವನಿಗೂ ಕಥೆ ಮೊದಲೇ ತಿಳಿದಿರುತ್ತದೆ. ಆದರೆ ಅರ್ಥಧಾರಿ ಕರ್ಣನಿಗೆ ಹೊಸದೊಂದು ನ್ಯಾಯವನ್ನು ಕಲ್ಪಿಸಿದರೆ ಅವನು ತಲೆದೂಗುತ್ತಾನೆ. ಚಿತ್ರಕಥಾಭಿಮಾನಿಗಾದರೋ ನಲವತ್ತನೆಯ ಸಂಚಿಕೆಯ ಸಂಗತಿಗೆ ನೂರನೆಯ ಸಂಚಿಕೆ ವಿರುದ್ಧವಾಗಿ ನಡೆದರೆ ಅದು ಅಪರಾಧ. ಅವನ ಜ್ಞಾಪಕಶಕ್ತಿ ಅನೇಕ ವೇಳೆ ರಸವನ್ನು ಬಿಟ್ಟು ಲೆಕ್ಕದ ಕಡೆ ತಿರುಗುತ್ತದೆ. 1970ರ ದಶಕದಲ್ಲಿ ಪುಸ್ತಕಗಳು ಬೀದಿಯ ಪತ್ರಿಕೆಯಂಗಡಿಗಳಿಂದ ಚಿತ್ರಕಥೆಗೆಂದೇ ಮೀಸಲಾದ ಅಂಗಡಿಗಳ ಕಡೆ ಸರಿಯತೊಡಗಿದಾಗ ಈ ದೋಷ ಬಲಿಯಿತೆಂದು ನಮ್ಮ ಅಭಿಪ್ರಾಯ. ಅಭಿಮಾನಿಯಾಗಿದ್ದವನು ಬರೆದುದನ್ನು ಅಭಿಮಾನಿಯೇ ಮಾರಿ ಅಭಿಮಾನಿಯೇ ಕೊಂಡನು. ದಾರಿಯಲ್ಲಿ ಹೋಗುವ ಹುಡುಗನಿಗೆ ಆ ಬಾಗಿಲು ಕಾಣದಾಯಿತು.

ನಮ್ಮಲ್ಲಿ ಸಂಗತಿ ಬೇರೆ. ಕಾರ್ಕಳದಲ್ಲಿ 1929ರಲ್ಲಿ ಜನಿಸಿದ ಅನಂತ ಪೈ ಅವರ ‘ಅಮರ ಚಿತ್ರಕಥೆ’ಯನ್ನು ಓದಿದ ಬಾಲಕನಿಗೆ ಕರ್ಣನ ಮುಖ ಮೊದಲು ಕಂಡುದು ಬಣ್ಣದ ಚೌಕಟ್ಟಿನಲ್ಲಿ. ಅನಂತರ ಅವನು ಪಂಪನಲ್ಲಿಯೋ ಕುಮಾರವ್ಯಾಸನಲ್ಲಿಯೋ ಅದೇ ಕರ್ಣನನ್ನು ಓದುವಾಗ ಆ ಮುಖ ಅಡ್ಡಬರುತ್ತದೆ ಎಂದು ಕೆಲವರು ದೂರುವುದುಂಟು. ಅಡ್ಡಬರುವುದು ನಿಜ, ಆದರೆ ಬಾಗಿಲವರೆಗೆ ಕೈಹಿಡಿದು ತಂದುದೂ ಅದೇ ಮುಖ.

ಇನ್ನು ಮೂರನೆಯ ಪುಸ್ತಕ. ವರ್ಥಮ್ ಅವರು 1973ರಲ್ಲಿ ‘ದಿ ವರ್ಲ್ಡ್ ಆಫ್ ಫ್ಯಾನ್‌ಜೀನ್ಸ್’ ಎಂಬುದನ್ನು ಪ್ರಕಟಿಸಿದರು. ಅಭಿಮಾನಿಗಳು ತಮ್ಮ ಕೈಯಿಂದ ಖರ್ಚುಮಾಡಿ, ಲಾಭದ ಆಸೆಯಿಲ್ಲದೆ ಹೊರಡಿಸುತ್ತಿದ್ದ ಸಣ್ಣ ಪತ್ರಿಕೆಗಳನ್ನು ಅವರು ಓದಿ, ಅವುಗಳಲ್ಲಿ ಮನುಷ್ಯನು ಮನುಷ್ಯನೊಡನೆ ನಿರ್ವ್ಯಾಜವಾಗಿ ನಡೆಸುವ ಸಂವಾದವನ್ನು ಕಂಡು ಮೆಚ್ಚಿದರು. ಇಪ್ಪತ್ತು ವರ್ಷಗಳ ಹಿಂದೆ ಯಾರನ್ನು ಮೋಸಹೋದ ಮುಗ್ಧರೆಂದು ಕರೆದಿದ್ದರೋ ಆ ತಲೆಮಾರಿನವರೇ ಈ ಪತ್ರಿಕೆಗಳ ಅನೇಕ ಸಂಪಾದಕರು. ನ್ಯೂಯಾರ್ಕಿನಲ್ಲಿ ನಡೆದ ಅಭಿಮಾನಿಗಳ ಸಮ್ಮೇಳನಕ್ಕೆ ಅವರನ್ನು ಕರೆದಾಗ ಸಭೆ ಅವರನ್ನು ಸಂಶಯದಿಂದ ಎದುರುಗೊಂಡಿತು; ಪ್ರಶ್ನೆಗಳು ಹಳೆಯ ಪುಸ್ತಕದ ಸುತ್ತಲೇ ಸುತ್ತಿದವು. ಹೊಸ ಪುಸ್ತಕವನ್ನು ಕುರಿತು ಕೇಳುವ ತಾಳ್ಮೆ ಅಲ್ಲಿದ್ದವರಿಗೆ ಇರಲಿಲ್ಲ. 1981ರಲ್ಲಿ ವರ್ಥಮ್ ನಿಧನರಾದರು. ಅಭಿಮಾನಿಪತ್ರಿಕೆಗಳ ಪರವಾಗಿ ಬಂದ ಮೊದಲ ವಿದ್ವತ್ಪೂರ್ಣ ಪುಸ್ತಕಗಳಲ್ಲೊಂದು ಅವರದೆಂಬುದನ್ನು ಆ ಅಭಿಮಾನಿಗಳಲ್ಲಿ ಬಹುಮಂದಿ ಓದಿ ನೋಡಲೇ ಇಲ್ಲವೆಂದು ತೋರುತ್ತದೆ.