ಥರ್ಮಾಮೀಟರ್ ಕೆಳಗಿಡಿ, ಮಗುವನ್ನು ನೋಡಿ

ಮಗುವಿಗೆ ಹುಷಾರಿಲ್ಲ ಎಂದು ಯಾರಿಗೆ ಫೋನ್ ಮಾಡಿದರೂ ಮೊದಲು ಬರುವ ಪ್ರಶ್ನೆ ಒಂದೇ: ‘ಜ್ವರ ಎಷ್ಟಿದೆ?’ ಅಜ್ಜಿ ಕೇಳುತ್ತಾರೆ, ಪಕ್ಕದ ಮನೆಯವರು ಕೇಳುತ್ತಾರೆ, ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವ ಹುಡುಗಿಯೂ ಕೇಳುತ್ತಾಳೆ. ನೂರಮೂರು ಎಂದರೆ ರಾತ್ರಿ ಹನ್ನೊಂದಾದರೂ ಆಟೊ ಹಿಡಿದು ಓಡುತ್ತೇವೆ. ‘ಜ್ವರವೇನೂ ಇಲ್ಲ’ ಎಂದರೆ ‘ಹಾಗಾದ್ರೆ ಬೆಳಿಗ್ಗೆ ನೋಡೋಣ ಬಿಡು’ ಎಂದು ದೀಪ ಆರಿಸುತ್ತೇವೆ. ಮಕ್ಕಳ ಡಾಕ್ಟರ ಹತ್ತಿರ ಯಾವಾಗ ಹೋಗಬೇಕು ಎಂಬುದನ್ನು ನಮ್ಮ ಮನೆಗಳಲ್ಲಿ ತೀರ್ಮಾನಿಸುತ್ತಿರುವುದು ಥರ್ಮಾಮೀಟರ್. ಈ ತೀರ್ಮಾನವನ್ನು ಅದರ ಕೈಗೆ ಕೊಟ್ಟದ್ದೇ ತಪ್ಪು ಎನ್ನುವುದು ನನ್ನ ವಾದ. ಹೋಗಬೇಕಿಲ್ಲದ ಕಡೆ ಅದು ನಮ್ಮನ್ನು ಓಡಿಸುತ್ತದೆ. ಗಂಟೆಗಳ ಲೆಕ್ಕದಲ್ಲಿ ಜೀವ ಉಳಿಯಬೇಕಾದ ಕಡೆ ಸುಮ್ಮನೆ ಕೂರಿಸುತ್ತದೆ. ಮೊದಲನೆಯದರಿಂದ ದುಡ್ಡು, ನಿದ್ದೆ ಹಾಳು. ಎರಡನೆಯದರಿಂದ ಮಕ್ಕಳು ಸಾಯುತ್ತವೆ.

ಮೊದಲು ನಮ್ಮ ಭಯದ ವಿಷಯ. ಜ್ವರ ತಲೆಗೇರುತ್ತದೆ, ಮಿದುಳು ಕೆಡುತ್ತದೆ ಎಂಬ ನಂಬಿಕೆ ನಮ್ಮಲ್ಲಷ್ಟೇ ಇರುವುದಲ್ಲ. ಅಮೆರಿಕದ ಮಕ್ಕಳ ವೈದ್ಯ ಬಾರ್ಟನ್ ಸ್ಮಿಟ್ 1980ರಲ್ಲೇ ಇದನ್ನು ‘ಜ್ವರ ಭೀತಿ’ ಎಂದು ಕರೆದು ಬರೆದಿದ್ದರು. ಸಾಮಾನ್ಯ ಸೋಂಕಿನಿಂದ ಬರುವ ಜ್ವರ ಮಿದುಳನ್ನು ಸುಡುವುದಿಲ್ಲ. ಸೋಂಕಿನ ವಿರುದ್ಧ ಹೋರಾಡಲು ದೇಹ ತಾನೇ ಏರಿಸಿಕೊಂಡ ಶಾಖ ಅದು. ಆರು ತಿಂಗಳಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಎರಡರಿಂದ ಐದು ಮಕ್ಕಳಿಗೆ ಜ್ವರದ ಜೊತೆ ಫಿಟ್ಸ್ ಬರಬಹುದು. ನೋಡಿದವರ ಎದೆ ಒಡೆಯುತ್ತದೆ, ನಿಜ. ಆದರೆ ಕೆಲವೇ ನಿಮಿಷದಲ್ಲಿ ನಿಲ್ಲುವ ಸಾಧಾರಣ ಜ್ವರದ ಫಿಟ್ಸ್ ಮಿದುಳಿಗೆ ಹಾನಿ ಮಾಡುವುದಿಲ್ಲ, ಮತ್ತು ಜ್ವರದ ಔಷಧಿ ಬಿಡದೆ ಕೊಟ್ಟರೂ ಅದನ್ನು ತಡೆಯಲಾಗುವುದಿಲ್ಲ. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಬೇಕು. ಬಾಯಿಗೆ ಚಮಚವಾಗಲಿ ನೀರಾಗಲಿ ಹಾಕಬಾರದು. ಕೈಗೆ ಕಬ್ಬಿಣ ಹಿಡಿಸುತ್ತಾ, ಈರುಳ್ಳಿ ಮೂಸಿಸುತ್ತಾ ಹೊತ್ತು ಕಳೆಯಬಾರದು. ಫಿಟ್ಸ್ ಮೊದಲ ಸಲ ಬಂದಿದ್ದರೆ ಅವತ್ತೇ ಡಾಕ್ಟರಿಗೆ ತೋರಿಸಬೇಕು, ಐದು ನಿಮಿಷ ದಾಟಿದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕು. ಇಲ್ಲಿ ನಮ್ಮನ್ನು ಹೊರಡಿಸಬೇಕಾದದ್ದು ಫಿಟ್ಸ್, ಥರ್ಮಾಮೀಟರಿನ ಅಂಕಿ ಅಲ್ಲ.

ಈ ಭೀತಿಯಿಂದ ಹುಟ್ಟುವ ಅವಸರವೂ ಅಪಾಯದ್ದೇ. ಒಂದೇ ಪ್ಯಾರಾಸಿಟಮಾಲ್ ಡ್ರಾಪ್ಸ್ ಆಗಿಯೂ ಸಿರಪ್ ಆಗಿಯೂ ಸಿಗುತ್ತದೆ. ಡ್ರಾಪ್ಸಿನ ಒಂದು ಎಂಎಲ್‌ನಲ್ಲಿ ಸಾಮಾನ್ಯವಾಗಿ 100 ಮಿಲಿಗ್ರಾಂ ಔಷಧಿ ಇರುತ್ತದೆ. ಸಿರಪ್ಪಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಔಷಧಿ ಐದು ಎಂಎಲ್‌ನಲ್ಲಿ ಹರಡಿರುತ್ತದೆ. ಅಣ್ಣನ ಸಿರಪ್ಪಿನ ಅಳತೆಯಲ್ಲಿ ತಂಗಿಗೆ ಡ್ರಾಪ್ಸ್ ಹಾಕಿದರೆ ಕೂಸಿನ ಹೊಟ್ಟೆಗೆ ನಾಲ್ಕೈದು ಪಟ್ಟು ಔಷಧಿ ಹೋಗುತ್ತದೆ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ನಿಮೆಸುಲೈಡ್ ಕೊಡಬಾರದೆಂದು ನಮ್ಮ ದೇಶದಲ್ಲಿ 2011ರಲ್ಲೇ ನಿಷೇಧವಾಗಿದೆ. ಆದರೂ ‘ಜ್ವರ ಬೇಗ ಇಳೀಬೇಕು, ಏನಾದ್ರೂ ಸ್ಟ್ರಾಂಗ್ ಆಗಿರೋದು ಕೊಡಿ’ ಎಂದು ಮೆಡಿಕಲ್ ಶಾಪಿನ ಮುಂದೆ ನಿಲ್ಲುವುದು ತಪ್ಪಿಲ್ಲ.

ಬ್ರಿಟನ್ನಿನ ನೈಸ್ ಸಂಸ್ಥೆ ಐದು ವರ್ಷದೊಳಗಿನ ಮಕ್ಕಳ ಜ್ವರದ ಬಗ್ಗೆ ವೈದ್ಯರಿಗೆ ಮಾರ್ಗಸೂಚಿ ಕೊಟ್ಟಿದೆ. ಅದರಲ್ಲಿ ನಮ್ಮ ನಂಬಿಕೆಗೆ ನೇರ ಎದುರಾಗಿ ನಿಲ್ಲುವ ಎರಡು ಮಾತುಗಳಿವೆ. ಆರು ತಿಂಗಳು ದಾಟಿದ ಮಗುವಿನಲ್ಲಿ ಜ್ವರ ಎಷ್ಟು ಡಿಗ್ರಿ ಎಂಬುದೊಂದನ್ನೇ ನೋಡಿ ಕಾಯಿಲೆ ಗಂಭೀರವೋ ಅಲ್ಲವೋ ಎಂದು ತೀರ್ಮಾನಿಸಬಾರದು. ಔಷಧಿ ಕೊಟ್ಟ ಮೇಲೆ ಜ್ವರ ಇಳಿಯಿತೋ ಇಲ್ಲವೋ ಎಂಬುದರ ಮೇಲೂ ತೀರ್ಮಾನಿಸಬಾರದು. ‘ಔಷಧಿಗೆ ಇಳೀತು, ಹಾಗಾದ್ರೆ ಏನೂ ಇಲ್ಲ’ ಎಂದು ನಾವು ಹೇಳಿಕೊಳ್ಳುವ ಸಮಾಧಾನಕ್ಕೆ ಆಧಾರವಿಲ್ಲ. ನ್ಯುಮೋನಿಯಾದ ಜ್ವರವೂ ಪ್ಯಾರಾಸಿಟಮಾಲಿಗೆ ಇಳಿಯುತ್ತದೆ.

ಅಂಕಿಗೆ ನಿಜವಾಗಿ ಬೆಲೆಯಿರುವ ವಯಸ್ಸು ಒಂದಿದೆ. ಮೂರು ತಿಂಗಳು ತುಂಬದ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್ ಮುಟ್ಟಿತೆಂದರೆ ಮನೆಯಲ್ಲಿ ಯಾವ ಔಷಧಿಯನ್ನೂ ಹಾಕದೆ ಅವತ್ತೇ, ರಾತ್ರಿಯಾದರೆ ರಾತ್ರಿಯೇ, ಡಾಕ್ಟರಿಗೆ ತೋರಿಸಬೇಕು. ದೊಡ್ಡ ಮಗುವಿಗೆ ನಾವು ಅನ್ವಯಿಸುವ ‘ಮೂರು ದಿನ ನೋಡೋಣ’ ಇಲ್ಲಿ ಸಲ್ಲದು. ಆದರೆ ಇದೇ ವಯಸ್ಸಿನಲ್ಲಿ ಇನ್ನೂ ದೊಡ್ಡ ಅಪಾಯ ಥರ್ಮಾಮೀಟರಿಗೆ ಸಿಗದೆ ಬರುತ್ತದೆ. ನಾನು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಇಲ್ಲಿ.

ಬಾಣಂತಿ ಕೋಣೆಯನ್ನು ನೆನೆಯಿರಿ. ಕಿಟಕಿ ಮುಚ್ಚಿದೆ, ಸಾಂಬ್ರಾಣಿ ಹೊಗೆ ಹಾಕಿದ್ದಾರೆ, ಹನ್ನೆರಡು ದಿನದ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಮಲಗಿಸಿದ್ದಾರೆ. ಮೊನ್ನೆಯವರೆಗೆ ಎರಡೆರಡು ಗಂಟೆಗೆ ಎದ್ದು ಮನೆಯನ್ನೆಲ್ಲ ಎಬ್ಬಿಸುತ್ತಿದ್ದ ಕೂಸು ನಿನ್ನೆ ಸಂಜೆಯಿಂದ ಒಮ್ಮೆಯೂ ತಾನಾಗಿ ಎದ್ದಿಲ್ಲ. ಎಬ್ಬಿಸಿ ಎದೆಗೆ ಹಿಡಿದರೆ ನಾಲ್ಕು ಸಲ ಚೀಪುತ್ತದೆ, ತುಟಿ ಸಡಿಲವಾಗುತ್ತದೆ, ಮತ್ತೆ ನಿದ್ದೆ. ಕಾಲುಚೀಲ ತೆಗೆದು ಮುಟ್ಟಿದರೆ ಅಂಗಾಲು ತಣ್ಣಗಿದೆ. ಅಳು ಬಂದರೂ ಬೆಕ್ಕಿನ ಮರಿಯ ದನಿಯಷ್ಟು. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರೆ ಜ್ವರವಿಲ್ಲ. ನೋಡಲು ಬಂದವರು ಹೇಳುತ್ತಾರೆ: ‘ಎಷ್ಟು ಒಳ್ಳೆ ಕೂಸಮ್ಮ, ಅಳೋದೇ ಇಲ್ಲ.’

ಆ ಹೊತ್ತಿನಲ್ಲಿ ಇದಕ್ಕಿಂತ ಅಪಾಯದ ಹೊಗಳಿಕೆ ಇನ್ನೊಂದಿಲ್ಲ. ನವಜಾತ ಶಿಶುವಿನ ರಕ್ತದಲ್ಲಿ ಸೋಂಕು ಹರಡಿದಾಗ ಎಷ್ಟೋ ಸಲ ಜ್ವರ ಬರುವುದೇ ಇಲ್ಲ, ಬದಲಿಗೆ ಮೈ ತಣ್ಣಗಾಗುತ್ತದೆ. 35.5 ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದೂ ಜ್ವರದಷ್ಟೇ ತುರ್ತಿನ ಲಕ್ಷಣ. ಮಹಾರಾಷ್ಟ್ರದ ಗಡಚಿರೋಲಿಯ ಹಳ್ಳಿಗಳಲ್ಲಿ ಡಾಕ್ಟರ್ ಅಭಯ್ ಬಂಗ್ ಮತ್ತು ಡಾಕ್ಟರ್ ರಾಣಿ ಬಂಗ್ ಮಾಡಿದ ಕೆಲಸವನ್ನು ನಮ್ಮ ಪ್ರತಿ ತಾಯಿಗೂ ಹೇಳಬೇಕೆನಿಸುವುದು ಇದಕ್ಕೇ. ಅಲ್ಲಿನ ಊರ ಹೆಂಗಸರಿಗೆ ಅವರು ಈ ಸೋಂಕನ್ನು ಗುರುತಿಸುವುದನ್ನು ಕಲಿಸಿದರು. ಕಲಿಸಿದ ಲಕ್ಷಣಗಳಾದರೂ ಯಾವುವು? ಮೊದಲು ಗಟ್ಟಿಯಾಗಿ ಅಳುತ್ತಿದ್ದ ಕೂಸಿನ ಅಳು ಕ್ಷೀಣಿಸಿದೆಯೇ, ಚೆನ್ನಾಗಿ ಚೀಪುತ್ತಿದ್ದದ್ದು ಈಗ ಚೀಪುತ್ತಿಲ್ಲವೇ, ಎಬ್ಬಿಸಿದರೂ ಮಂಕಾಗಿದೆಯೇ, ಕೈಕಾಲು ಜೋಲುಬಿದ್ದಿವೆಯೇ, ಪಕ್ಕೆ ಒಳಸೆಳೆಯುತ್ತಿದೆಯೇ, ಹೊಕ್ಕುಳಲ್ಲಿ ಕೀವಿದೆಯೇ. ಮನೆಯಲ್ಲೇ ಕೊಟ್ಟ ಆ ಆರೈಕೆಯಿಂದ ನವಜಾತ ಶಿಶುಗಳ ಸಾವು ಶೇಕಡಾ 62ರಷ್ಟು ಇಳಿಯಿತು ಎಂದು 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿಯಾಯಿತು. ಆ ಹೆಂಗಸರು ಅಳೆಯುತ್ತಿದ್ದದ್ದು ಹೆಚ್ಚಾಗಿ ಬದಲಾವಣೆಯನ್ನು: ನಿನ್ನೆಯ ಕೂಸಿಗೂ ಇವತ್ತಿನ ಕೂಸಿಗೂ ಏನು ವ್ಯತ್ಯಾಸ ಎಂಬುದನ್ನು. ಅದನ್ನು ಹೆತ್ತ ತಾಯಿಗಿಂತ ಚೆನ್ನಾಗಿ ಬಲ್ಲವರು ಯಾರು?

ಕಾಮಾಲೆಯೂ ಹೀಗೆಯೇ. ಹೆಚ್ಚಿನ ಕೂಸುಗಳಿಗೆ ಸ್ವಲ್ಪ ಹಳದಿ ಬಂದು ತಾನೇ ಹೋಗುತ್ತದೆ ಎಂಬುದು ಸತ್ಯ. ಆದರೆ ಹುಟ್ಟಿದ ಮೊದಲ ದಿನವೇ ಕಂಡ ಹಳದಿ, ಅಂಗೈ ಅಂಗಾಲಿಗೆ ಇಳಿದ ಹಳದಿ, ಹಾಲು ಬಿಟ್ಟ ಕೂಸಿನ ಹಳದಿ ಇವಕ್ಕೆ ಎಳೆಬಿಸಿಲು ಮದ್ದಲ್ಲ. ಮಿತಿಮೀರಿದರೆ ಮಿದುಳಿಗೂ ಕಿವಿಗೂ ಉಳಿಯುವ ಹಾನಿ ಅದರಿಂದಲೇ ಆಗುತ್ತದೆ. ಇಲ್ಲೂ ಜ್ವರ ಇರುವುದಿಲ್ಲ. ನವಜಾತ ಶಿಶು ಹಸಿರು ಬಣ್ಣದ ವಾಂತಿ ಮಾಡಿದರೆ ಅದಕ್ಕೂ ಬೆಳಗಾಗುವ ತನಕ ಕಾಯುವಂತಿಲ್ಲ, ಕರುಳು ತಿರುಚಿಕೊಂಡಿರಬಹುದು.

ಇನ್ನು ಉಸಿರು. ನೆಗಡಿ ಕೆಮ್ಮು ಬಂದ ಮಗುವಿಗೆ ಜ್ವರ ನೋಡುತ್ತೇವೆ, ಕಫ ಗೊರಗೊರ ಅನ್ನುತ್ತಿದೆಯೇ ಎಂದು ಬೆನ್ನಿಗೆ ಕಿವಿಯಿಟ್ಟು ಕೇಳುತ್ತೇವೆ. ಉಸಿರನ್ನು ಮಾತ್ರ ಎಣಿಸುವುದಿಲ್ಲ. 1980ರ ದಶಕದಲ್ಲಿ ಪಪುವಾ ನ್ಯೂಗಿನಿಯಲ್ಲಿ ಫ್ರಾಂಕ್ ಶಾನ್ ಮತ್ತು ಜೊತೆಗಾರರು ನಡೆಸಿದ ಅಧ್ಯಯನಗಳು ಸ್ಟೆತಾಸ್ಕೋಪ್, ಎಕ್ಸ್‌ರೇ ಇಲ್ಲದ ಕಡೆಯೂ ನ್ಯುಮೋನಿಯಾವನ್ನು ಅನುಮಾನಿಸಲು ಉಸಿರಿನ ಎಣಿಕೆ ಸಾಕು ಎಂದು ತೋರಿಸಿದವು. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನೇ ಜಗತ್ತಿನ ಹಳ್ಳಿಹಳ್ಳಿಗಳ ಆರೋಗ್ಯ ಕಾರ್ಯಕರ್ತೆಯರಿಗೆ ಕಲಿಸಿತು. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದ ಮಗುವಿಗೆ 40. ಅಷ್ಟು ಅಥವಾ ಅದಕ್ಕಿಂತ ಹೆಚ್ಚಾದರೆ ಡಾಕ್ಟರಿಗೆ ತೋರಿಸಬೇಕು.

ಎಣಿಸುವುದು ಕಷ್ಟವೇನಲ್ಲ. ಮಗು ಅಳದೆ, ಹಾಲು ಕುಡಿಯದೆ, ಶಾಂತವಾಗಿ ಮಲಗಿರುವಾಗ ಅಂಗಿ ಮೇಲೆತ್ತಿ. ಕಣ್ಣು ಹೊಟ್ಟೆಯ ಮೇಲಿರಲಿ, ಮೂಗಿನ ಮೇಲಲ್ಲ. ಮೊಬೈಲಿನಲ್ಲಿ ಪೂರ್ತಿ ಒಂದು ನಿಮಿಷ ಇಟ್ಟುಕೊಂಡು, ಹೊಟ್ಟೆ ಎದ್ದು ಇಳಿದರೆ ಒಂದು ಎಂದು ಎಣಿಸಿ. ಅರ್ಧ ನಿಮಿಷ ಎಣಿಸಿ ಇಮ್ಮಡಿ ಮಾಡಬೇಡಿ, ಕೂಸುಗಳ ಉಸಿರು ಒಂದೇ ಸಮ ನಡೆಯುವುದಿಲ್ಲ. ಎಳೆಗೂಸಿನ ಎಣಿಕೆ ಹೆಚ್ಚು ಬಂದರೆ ಇನ್ನೊಮ್ಮೆ ಎಣಿಸಿ ಖಚಿತ ಮಾಡಿಕೊಳ್ಳಿ. ಜೊತೆಗೆ ಪಕ್ಕೆಲುಬಿನ ಕೆಳಗೆ ನೋಡಿ. ಉಸಿರೆಳೆದಾಗ ಅಲ್ಲಿ ಒಳಕ್ಕೆ ಗುಳಿ ಬೀಳುತ್ತಿದ್ದರೆ, ಮೂಗಿನ ಹೊಳ್ಳೆ ಅರಳುತ್ತಿದ್ದರೆ, ಪ್ರತಿ ಉಸಿರಿಗೂ ನರಳುವ ಸದ್ದು ಬರುತ್ತಿದ್ದರೆ ಎಣಿಕೆ ಮುಗಿಯುವ ತನಕವೂ ಕಾಯಬೇಡಿ. ನಾಲಿಗೆ, ತುಟಿ ನೀಲಿಗಟ್ಟಿದರಂತೂ 108ಕ್ಕೆ ಫೋನ್ ಮಾಡಬೇಕು.

ಅಂಕಿಯನ್ನು ನಂಬಿದವರಿಗೆ ಡೆಂಗಿಯಷ್ಟು ದೊಡ್ಡ ಮೋಸ ಬೇರೆ ಯಾವ ಕಾಯಿಲೆಯಲ್ಲೂ ಆಗುವುದಿಲ್ಲ. 2024ರ ಮಳೆಗಾಲದಲ್ಲಿ ನಮ್ಮ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸುವ ಮಟ್ಟಕ್ಕೆ ಹೋಗಿತ್ತು. ಮೂರ್ನಾಲ್ಕು ದಿನ ಸುಟ್ಟ ಜ್ವರ ಒಂದು ಬೆಳಿಗ್ಗೆ ಇಳಿಯುತ್ತದೆ. ಮನೆಯವರು ನಿಟ್ಟುಸಿರು ಬಿಟ್ಟು ಗಂಜಿ ಕಾಯಿಸುತ್ತಾರೆ. ಆದರೆ ರಕ್ತನಾಳಗಳಿಂದ ನೀರಿನಂಶ ಸೋರಿ ಮಗು ಷಾಕ್‌ಗೆ ಹೋಗುವ ಕಾಲ ಶುರುವಾಗುವುದು ಆಗಲೇ. ಜ್ವರ ಇಳಿದ ಮೊದಲ ಒಂದೆರಡು ದಿನ ಕಣ್ಣಿಟ್ಟು ನೋಡಬೇಕಾದದ್ದು ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲೋ ಮೂಗಿನಲ್ಲೋ ರಕ್ತ, ತಣ್ಣಗಾದ ಕೈಕಾಲು, ಕಡಿಮೆಯಾದ ಮೂತ್ರ, ಮಂಕು ಅಥವಾ ವಿಪರೀತ ಹಟ ಇವನ್ನು. ‘ನಿನ್ನೆ ಜ್ವರ ಬಿಡ್ತು, ಆದ್ರೂ ಯಾಕೋ ಸೊರಗಿದಾನೆ’ ಎನ್ನುವ ತಾಯಿಯ ಮಾತಿಗೆ 104 ಡಿಗ್ರಿಗಿಂತ ಹೆಚ್ಚು ತೂಕವಿದೆ.

ಭೇದಿಯ ಬಗ್ಗೆ ಚುಟುಕಾಗಿ ಹೇಳಬಹುದು, ಏಕೆಂದರೆ ಓಆರ್‌ಎಸ್ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು, ‘ಹಲ್ಲು ಬರ್ತಿದೆ, ಅದಕ್ಕೇ ಭೇದಿ’ ಎಂಬುದು ತಪ್ಪು ಎಂಬ ಮಾತು. ಹಲ್ಲು ಬರುವ ವಯಸ್ಸೂ ಮಗು ನೆಲದಲ್ಲಿ ಹರಿದಾಡಿ ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ವಯಸ್ಸೂ ಒಂದೇ, ಅಷ್ಟೇ. ಕಣ್ಣು ಗುಳಿಬಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ನಿಧಾನಕ್ಕೆ ಹಿಂದಕ್ಕೆ ಹೋದರೆ, ಕುಡಿದದ್ದೆಲ್ಲ ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ ಮನೆಮದ್ದಿನ ಕಾಲ ಮುಗಿಯಿತು.

ನನ್ನ ಈ ವಾದಕ್ಕೆ ಬರುವ ಆಕ್ಷೇಪ ನನಗೆ ಗೊತ್ತು, ಅದು ಹಗುರವಾದದ್ದೂ ಅಲ್ಲ. ಅಂಕಿ ಎಲ್ಲರಿಗೂ ಒಂದೇ, ತಾಯಿಯ ಕಣ್ಣು ಹಾಗಲ್ಲ. ಚೊಚ್ಚಲ ಬಾಣಂತಿ ಎಲ್ಲಕ್ಕೂ ಗಾಬರಿಯಾಗುತ್ತಾಳೆ, ಅವಳ ಮಾತು ನಂಬಿ ಹೊರಟರೆ ತಾಲ್ಲೂಕು ಆಸ್ಪತ್ರೆಯ ಒಬ್ಬರೇ ಮಕ್ಕಳ ಡಾಕ್ಟರ್ ಏನು ಮಾಡಬೇಕು? ಸಂಜೆಯ ಹೊತ್ತು ಯಾವುದೇ ಮಕ್ಕಳ ಕ್ಲಿನಿಕ್ಕಿಗೆ ಹೋಗಿ ನೋಡಿದರೆ ಉತ್ತರ ಅಲ್ಲೇ ಇದೆ. ಬೆಂಚಿನ ತುಂಬ ಇರುವುದು ಜ್ವರದಲ್ಲೂ ಬಿಸ್ಕತ್ತು ತಿನ್ನುತ್ತಾ ಅಮ್ಮನ ಮೊಬೈಲು ಕಿತ್ತುಕೊಳ್ಳುತ್ತಿರುವ ಮೂರು ನಾಲ್ಕು ವರ್ಷದ ಮಕ್ಕಳು. ಅವರನ್ನು ಕರೆತಂದದ್ದು ಅಂಕಿ. ನೀರು ಕುಡಿಯುತ್ತಿರುವ, ಮೂತ್ರ ಮಾಡುತ್ತಿರುವ, ಜ್ವರ ತಗ್ಗಿದಾಗ ಆಡುವ ಮಗುವನ್ನು ಎರಡು ಮೂರು ದಿನ ಮನೆಯಲ್ಲೇ ನೋಡಿಕೊಳ್ಳಬಹುದು. ಅದಕ್ಕೂ ಮೀರಿ ಜ್ವರ ಉಳಿದರೆ ತೋರಿಸಬೇಕು, ಐದು ದಿನ ದಾಟಿದರಂತೂ ತಡಮಾಡುವಂತೆಯೇ ಇಲ್ಲ. ಲಕ್ಷಣ ನೋಡಿ ಹೊರಡುವುದು ರೂಢಿಯಾದರೆ ಆ ಸಾಲು ಕರಗಿ, ಸುಮ್ಮನೆ ಮಲಗಿರುವ ಹನ್ನೆರಡು ದಿನದ ಕೂಸಿಗೆ ಜಾಗವಾಗುತ್ತದೆ.

ತಾಯಿಯ ಗಾಬರಿಯನ್ನು ತಳ್ಳಿಹಾಕುವುದಕ್ಕೆ ಏನು ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಇಂಗ್ಲೆಂಡ್ ಕಂಡಿದೆ. 2021ರಲ್ಲಿ ಮಾರ್ಥಾ ಮಿಲ್ಸ್ ಎಂಬ 13 ವರ್ಷದ ಹುಡುಗಿ ಆಸ್ಪತ್ರೆಯಲ್ಲೇ, ಸೋಂಕು ಮಿತಿಮೀರಿ ಆಗುವ ಸೆಪ್ಸಿಸ್‌ನಿಂದ ತೀರಿಕೊಂಡಳು. ಹೆತ್ತವರು ಆತಂಕ ಹೇಳಿಕೊಂಡಿದ್ದರೂ ಅದಕ್ಕೆ ಕಿವಿಗೊಟ್ಟಿರಲಿಲ್ಲ. ಅವರ ಹೋರಾಟದಿಂದ 2024ರಲ್ಲಿ ಅಲ್ಲಿನ ಆಸ್ಪತ್ರೆಗಳಲ್ಲಿ ‘ಮಾರ್ಥಾ ನಿಯಮ’ ಬರತೊಡಗಿತು: ಮಗುವಿನ ಸ್ಥಿತಿ ಹದಗೆಡುತ್ತಿದೆ ಎಂದು ಮನೆಯವರಿಗೆ ಅನಿಸಿದರೆ ಬೇರೊಂದು ವೈದ್ಯ ತಂಡ ಬಂದು ನೋಡುವಂತೆ ಅವರೇ ಕೇಳಬಹುದು. ನಮ್ಮಲ್ಲಿ ‘ನೀವು ಡಾಕ್ಟ್ರಾ, ನಾನು ಡಾಕ್ಟ್ರಾ?’ ಎಂಬ ಮಾತಿನಿಂದ ಬಾಯಿ ಮುಚ್ಚಿಸಿಕೊಂಡ ತಾಯಂದಿರು ಎಷ್ಟು ಮಂದಿಯೋ.

ತಾಯಿ ಕಾರ್ಡಿನಲ್ಲಿ ಕೂಸಿನ ಅಪಾಯದ ಲಕ್ಷಣಗಳನ್ನು ಚಿತ್ರ ಸಮೇತ ಅಚ್ಚು ಹಾಕಿದ್ದಾರೆ. ಹೆರಿಗೆಯಾದ ಮೇಲೆ 42 ದಿನಗಳವರೆಗೆ ಆಶಾ ಕಾರ್ಯಕರ್ತೆ ಮತ್ತೆ ಮತ್ತೆ ಮನೆಗೆ ಬರಬೇಕೆಂಬ ವ್ಯವಸ್ಥೆಯೂ ಇದೆ. ಆದರೆ ಕಾರ್ಡು ಲಸಿಕೆಯ ದಿನ ಮಾತ್ರ ಬೀರುವಿನಿಂದ ಹೊರಬರುತ್ತದೆ. ಪ್ರತಿ ಹೆರಿಗೆ ಆಸ್ಪತ್ರೆಯೂ ಡಿಸ್ಚಾರ್ಜ್ ಬರೆಯುವ ಮೊದಲು ತಾಯಿ, ಅಜ್ಜಿ, ಅಪ್ಪ ಮೂವರನ್ನೂ ಕೂರಿಸಿ ಆ ಪುಟ ತೋರಿಸಬೇಕು. ಅವರ ಕೂಸಿನ ಉಸಿರನ್ನು ಅವರೇ ಒಮ್ಮೆ ಎಣಿಸುವಂತೆ ಮಾಡಬೇಕು. ಇದಕ್ಕೆ ಹೊಸ ಯಂತ್ರ ಬೇಡ, ಹತ್ತು ನಿಮಿಷ ಬೇಕು.

ಡಾಕ್ಟರಿಗೆ ಫೋನ್ ಮಾಡುವಾಗಲೂ ಜ್ವರದಿಂದ ಶುರುಮಾಡಬೇಡಿ. ‘ಕೂಸಿಗೆ ನಲವತ್ತು ದಿನ. ಬೆಳಿಗ್ಗೆಯಿಂದ ಎರಡೇ ಸಲ ಹಾಲು ಕುಡಿದಿದೆ. ಎಬ್ಬಿಸಿದ್ರೂ ಸರಿಯಾಗಿ ಕಣ್ಣು ಬಿಡ್ತಿಲ್ಲ. ಉಸಿರು ಎರಡು ಸಲ ಎಣಿಸಿದೆ, ನಿಮಿಷಕ್ಕೆ 66’ ಎನ್ನಿ. ಇಷ್ಟು ಹೇಳಿದ ಮೇಲೂ ಆ ಕಡೆಯಿಂದ ‘ಜ್ವರ ಇಲ್ವಲ್ಲಮ್ಮ, ನಾಳೆ ಬನ್ನಿ’ ಎಂದರೆ ನಾಳೆಯ ತನಕ ಕಾಯಬೇಡಿ, ಬೇರೆ ಆಸ್ಪತ್ರೆಗೆ ಹೊರಡಿ.